ಮುಖ ಮರಳಿಸಿದ ವೈದ್ಯ: ಸರ್ ಹೆರಾಲ್ಡ್ ಗಿಲೀಸ್

ಯುದ್ಧದಲ್ಲಿ ಕೈಯನ್ನೋ ಕಾಲನ್ನೋ ಕಳೆದುಕೊಂಡ ಯೋಧನು ಊರಿಗೆ ಹಿಂದಿರುಗಿದಾಗ ಜನರು ಅವನನ್ನು ಗೌರವದಿಂದ ಕಾಣುತ್ತಾರೆ. ಅವನ ಊರುಗೋಲೇ ಅವನ ಶೌರ್ಯಕ್ಕೆ ಸಾಕ್ಷಿಯಾಗುತ್ತದೆ. ಆದರೆ ಸಿಡಿಗುಂಡಿನ ಏಟಿಗೆ ಮೂಗೋ ದವಡೆಯೋ ಹಾರಿಹೋದ ಯೋಧನ ಪಾಡು ಬೇರೆ. ಅವನನ್ನು ಕಂಡವರು ಕನಿಕರಪಡುವ ಮೊದಲೇ ಬೆಚ್ಚಿ ಕಣ್ಣು ತಿರುಗಿಸುತ್ತಾರೆ. ಸ್ವಂತ ಮಕ್ಕಳೂ ಬಳಿ ಸುಳಿಯಲು ಅಂಜುತ್ತಾರೆ. ಉಣ್ಣುವುದು, ಮಾತನಾಡುವುದು, ನಗುವುದು ಇವೆಲ್ಲವೂ ಅವನಿಗೆ ಕಷ್ಟಸಾಧ್ಯವಾಗುತ್ತವೆ. ಬದುಕಿ ಉಳಿದರೂ ಸಮಾಜದಿಂದ ಹೊರಗೆ ನಿಂತವನಂತೆ ಅವನು ದಿನಗಳನ್ನು ಕಳೆಯಬೇಕಾಗುತ್ತದೆ.

1914ರಿಂದ 1918ರವರೆಗೆ ನಡೆದ ಮೊದಲನೆಯ ಮಹಾಯುದ್ಧದಲ್ಲಿ ಇಂತಹ ದುರ್ದೈವಿಗಳ ಸಂಖ್ಯೆ ಹಿಂದೆಂದೂ ಕಾಣದಷ್ಟು ಹೆಚ್ಚಾಯಿತು. ಸೈನಿಕರು ಕಂದಕಗಳಲ್ಲಿ ನಿಂತು ಹೋರಾಡುತ್ತಿದ್ದರು. ದೇಹವೆಲ್ಲ ನೆಲದ ಮರೆಯಲ್ಲಿದ್ದರೂ ಶತ್ರುವನ್ನು ನೋಡಲು ತಲೆಯನ್ನು ಮೇಲೆತ್ತಲೇಬೇಕಾಗಿತ್ತು. ಸಿಡಿದು ಬರುವ ಲೋಹದ ಚೂರುಗಳು ಮುಖದ ಮಾಂಸವನ್ನೂ ಮೂಳೆಯನ್ನೂ ಕಿತ್ತೊಯ್ಯುತ್ತಿದ್ದವು. ಹೀಗೆ ಮುಖ ಕಳೆದುಕೊಂಡ ಸಾವಿರಾರು ಜನರಿಗೆ ಮುಖವನ್ನು ಮರಳಿಸಿ, ಅದರೊಡನೆ ಬದುಕನ್ನೂ ಮರಳಿಸಿದ ವೈದ್ಯರೇ ಸರ್ ಹೆರಾಲ್ಡ್ ಗಿಲೀಸ್ ಅವರು. ಆಧುನಿಕ ಪ್ಲಾಸ್ಟಿಕ್ ಶಸ್ತ್ರಚಿಕಿತ್ಸೆಯ ಜನಕರೆಂದು ವೈದ್ಯಲೋಕವು ಅವರನ್ನು ಗೌರವಿಸುತ್ತದೆ.

ಹೆರಾಲ್ಡ್ ಡೆಲ್ಫ್ ಗಿಲೀಸ್ ಅವರು 1882ನೆಯ ಇಸವಿ ಜೂನ್ 17ರಂದು ನ್ಯೂಜಿಲೆಂಡ್ ದೇಶದ ಡ್ಯುನೆಡಿನ್ ನಗರದಲ್ಲಿ ಜನಿಸಿದರು. ಎಂಟು ಮಂದಿ ಮಕ್ಕಳಲ್ಲಿ ಅವರೇ ಕಿರಿಯರು. ಅವರ ತಂದೆಗೆ ಖಗೋಳ ವೀಕ್ಷಣೆಯಲ್ಲಿ ಅಪಾರ ಆಸಕ್ತಿಯಿತ್ತು. ಹೆರಾಲ್ಡರು ಇನ್ನೂ ಎಳೆಯ ಬಾಲಕರಾಗಿದ್ದಾಗಲೇ ತಂದೆ ತೀರಿಕೊಂಡರು. ಬಾಲ್ಯದಲ್ಲಿ ಬಿದ್ದು ಮುರಿದ ಒಂದು ಮೊಣಕೈ ಮುಂದೆ ಎಂದಿಗೂ ಪೂರ್ಣವಾಗಿ ಬಾಗಲಿಲ್ಲ. ಆದರೆ ಈ ಊನವು ಅವರ ಉತ್ಸಾಹವನ್ನು ಕುಂದಿಸಲಿಲ್ಲ. ವಾಂಗನೂಯಿಯ ಶಾಲೆಯಲ್ಲಿ ಅವರು ಕ್ರಿಕೆಟ್ ತಂಡದ ನಾಯಕರಾಗಿದ್ದರು. ಉನ್ನತ ವ್ಯಾಸಂಗಕ್ಕಾಗಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯವನ್ನು ಸೇರಿದ ಮೇಲೆ 1904ರಲ್ಲಿ ಆಕ್ಸ್‌ಫರ್ಡ್ ವಿರುದ್ಧದ ಪ್ರಸಿದ್ಧ ದೋಣಿಪಂದ್ಯದಲ್ಲಿ ಹುಟ್ಟು ಹಾಕಿದರು. ಗಾಲ್ಫ್ ಆಟದಲ್ಲಿಯೂ ಅವರು ನಿಪುಣರು. ಪಿಟೀಲು ನುಡಿಸುವುದು, ಚಿತ್ರ ಬರೆಯುವುದು ಅವರ ಬಿಡುವಿನ ಹವ್ಯಾಸಗಳಾಗಿದ್ದವು. ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯಲ್ಲಿ ವೈದ್ಯಶಿಕ್ಷಣವನ್ನು ಪಡೆದ ಗಿಲೀಸರು 1910ರಲ್ಲಿ ಶಸ್ತ್ರವೈದ್ಯರ ಉನ್ನತ ಪದವಿಗೆ ಅರ್ಹರಾದರು. ಕಿವಿ, ಮೂಗು, ಗಂಟಲುಗಳ ಚಿಕಿತ್ಸೆಯನ್ನು ತಮ್ಮ ಕ್ಷೇತ್ರವನ್ನಾಗಿ ಆರಿಸಿಕೊಂಡರು. ಶ್ರೀಮಂತ ರೋಗಿಗಳೂ ನೆಮ್ಮದಿಯ ಸಂಪಾದನೆಯೂ ಅವರಿಗಾಗಿ ಕಾದಿದ್ದವು.

ಅಷ್ಟರಲ್ಲಿ ಮಹಾಯುದ್ಧ ಆರಂಭವಾಯಿತು. 1915ರಲ್ಲಿ ಗಿಲೀಸರು ರೆಡ್‌ಕ್ರಾಸ್ ಸಂಸ್ಥೆಯ ಮೂಲಕ ಫ್ರಾನ್ಸಿಗೆ ತೆರಳಿದರು. ಅಲ್ಲಿ ಅವರಿಗೆ ಚಾರ್ಲ್ಸ್ ವಾಲಾಡಿಯೆ ಎಂಬ ದಂತವೈದ್ಯರ ಪರಿಚಯವಾಯಿತು. ಛಿದ್ರವಾದ ದವಡೆಗಳನ್ನು ಹೊಂದಿಸಿ ನಿಲ್ಲಿಸುವ ಕೆಲಸದಲ್ಲಿ ವಾಲಾಡಿಯೆ ತೊಡಗಿದ್ದರು. ಅವರು ಶಸ್ತ್ರವೈದ್ಯರಲ್ಲವಾದ್ದರಿಂದ ಅವರ ಕೆಲಸವನ್ನು ನೋಡಿಕೊಳ್ಳಲು ಗಿಲೀಸರನ್ನು ನೇಮಿಸಲಾಗಿತ್ತು. ಮೇಲ್ವಿಚಾರಣೆಗೆಂದು ಹೋದ ಗಿಲೀಸರು ಅಲ್ಲಿ ವಿದ್ಯಾರ್ಥಿಯಾದರು. ಜರ್ಮನ್ ವೈದ್ಯರು ದವಡೆಯ ಗಾಯಗಳನ್ನು ಕುರಿತು ಬರೆದಿದ್ದ ಪುಸ್ತಕವೊಂದು ಅವರ ಕೈಸೇರಿತು. ವಿದ್ಯೆ ಶತ್ರುದೇಶದ್ದಾದರೂ ಅವರು ಅದನ್ನು ಶ್ರದ್ಧೆಯಿಂದ ಅಭ್ಯಸಿಸಿದರು. ಬಳಿಕ ಪ್ಯಾರಿಸ್ ನಗರದಲ್ಲಿ ಮೊರೆಸ್ತ್ಯಾಂ ಎಂಬ ಶಸ್ತ್ರವೈದ್ಯರು ರೋಗಿಯೊಬ್ಬನ ಮುಖದ ಗಂತಿಯನ್ನು ತೆಗೆದು, ಆ ಹಳ್ಳವನ್ನು ದವಡೆಯ ಕೆಳಗಿನ ಚರ್ಮದಿಂದಲೇ ಮುಚ್ಚಿದುದನ್ನು ಕಣ್ಣಾರೆ ಕಂಡರು. ತಾವು ಮಾಡಬೇಕಾದ ಕೆಲಸ ಯಾವುದೆಂಬುದು ಆ ದಿನವೇ ಅವರಿಗೆ ನಿಶ್ಚಯವಾಯಿತು.

ಇಂಗ್ಲೆಂಡಿಗೆ ಮರಳಿದ ಗಿಲೀಸರು ಮುಖದ ಗಾಯಗಳಿಗಾಗಿಯೇ ಪ್ರತ್ಯೇಕ ವಿಭಾಗವೊಂದು ಬೇಕೆಂದು ಸೇನೆಯ ಹಿರಿಯ ವೈದ್ಯರನ್ನು ಒತ್ತಾಯಿಸಿದರು. ಶಸ್ತ್ರವೈದ್ಯ ಸರ್ ವಿಲಿಯಂ ಆರ್ಬತ್‌ನಟ್ ಲೇನ್ ಅವರ ಬೆಂಬಲದಿಂದ 1916ರ ಆರಂಭದಲ್ಲಿ ಆಲ್ಡರ್‌ಷಾಟ್‌ನ ಸೇನಾ ಆಸ್ಪತ್ರೆಯಲ್ಲಿ ಅಂತಹ ವಿಭಾಗವು ಪ್ರಾರಂಭವಾಯಿತು. ಆದರೆ ವಿಭಾಗ ತೆರೆದ ಮಾತ್ರಕ್ಕೆ ರೋಗಿಗಳು ಬರುವರೆ? ಗಾಯಾಳುಗಳು ಚದುರಿಹೋಗಿ ಸಿಕ್ಕ ಸಿಕ್ಕ ಆಸ್ಪತ್ರೆಗಳನ್ನು ಸೇರುತ್ತಿದ್ದರು. ಇದಕ್ಕೆ ಗಿಲೀಸರು ಕಂಡುಕೊಂಡ ಉಪಾಯ ಸರಳವಾಗಿತ್ತು. ಲಂಡನ್ನಿನ ಅಂಗಡಿಯೊಂದರಲ್ಲಿ ತಮ್ಮ ಸ್ವಂತ ಹಣ 10 ಪೌಂಡುಗಳನ್ನು ತೆತ್ತು ವಿಳಾಸದ ಚೀಟಿಗಳನ್ನು ಕೊಂಡರು. ಅವುಗಳ ಮೇಲೆ ತಮ್ಮ ಹೆಸರನ್ನೂ ಆಲ್ಡರ್‌ಷಾಟ್ ಆಸ್ಪತ್ರೆಯ ವಿಳಾಸವನ್ನೂ ಬರೆಸಿ ಯುದ್ಧರಂಗದ ವೈದ್ಯರಿಗೆ ಕಳುಹಿಸುವ ಏರ್ಪಾಡು ಮಾಡಿದರು. ಕೆಲದಿನಗಳಲ್ಲಿಯೇ ಆ ಚೀಟಿಗಳನ್ನು ಅಂಗಿಗೆ ಕಟ್ಟಿಸಿಕೊಂಡ ಗಾಯಾಳುಗಳು ಒಬ್ಬೊಬ್ಬರಾಗಿ ಬರತೊಡಗಿದರು.

ಅದೇ ವರ್ಷ ಜುಲೈ 1ರಂದು ಫ್ರಾನ್ಸಿನ ಸೋಮ್ ನದಿಯ ಬಳಿ ಘೋರ ಕದನವು ಮೊದಲಾಯಿತು. ಮೊದಲನೆಯ ದಿನವೇ ಬ್ರಿಟಿಷ್ ಸೇನೆಯಲ್ಲಿ ಸತ್ತವರು ಮತ್ತು ಗಾಯಗೊಂಡವರ ಒಟ್ಟು ಸಂಖ್ಯೆ 57,000ವನ್ನು ಮೀರಿತು. ಗಿಲೀಸರ ವಿಭಾಗವು ಸುಮಾರು 200 ಮಂದಿಯನ್ನು ನಿರೀಕ್ಷಿಸಿತ್ತು; ಬಂದವರು ಸುಮಾರು 2,000 ಮಂದಿ. ಕಣ್ಣಿಲ್ಲದವರು, ಮೂಗಿಲ್ಲದವರು, ಕೆಳದವಡೆಯೇ ಇಲ್ಲದವರು ಸಾಲುಸಾಲಾಗಿ ಬಂದರು.

ಈ ಗಾಯಗಳ ಚಿಕಿತ್ಸೆ ಏಕೆ ಕಠಿಣವೆಂಬುದನ್ನು ಇಲ್ಲಿ ತಿಳಿಯಬೇಕು. ಗಾಯವನ್ನು ಬೇಗ ಮುಚ್ಚಬೇಕೆಂಬ ಅವಸರದಲ್ಲಿ ಅಂದಿನ ವೈದ್ಯರು ಹರಿದ ಅಂಚುಗಳನ್ನು ಎಳೆದು ಒಂದಕ್ಕೊಂದು ಸೇರಿಸಿ ಹೊಲಿದುಬಿಡುತ್ತಿದ್ದರು. ಗಾಯವೇನೋ ಮಾಯುತ್ತಿತ್ತು. ಆದರೆ ಮಾಯುವ ಗಾಯವು ಕುಗ್ಗುವುದು ಪ್ರಕೃತಿಯ ನಿಯಮ. ಅದು ಕುಗ್ಗಿದಂತೆಲ್ಲ ಸುತ್ತಲಿನ ಚರ್ಮವನ್ನು ತನ್ನತ್ತ ಸೆಳೆಯುತ್ತದೆ. ಇದರಿಂದ ರೆಪ್ಪೆ ಕೆಳಗೆ ಜಗ್ಗಿ ಕಣ್ಣು ಮುಚ್ಚದಂತಾಗುತ್ತಿತ್ತು, ತುಟಿ ಸೊಟ್ಟಗಾಗುತ್ತಿತ್ತು, ಬಾಯಿ ತೆರೆಯಲಾಗದೆ ಹೋಗುತ್ತಿತ್ತು. ದಪ್ಪನಾದ ಕಲೆಯು ಜೀವನಪರ್ಯಂತ ಉಳಿಯುತ್ತಿತ್ತು.

ಗಿಲೀಸರು ಈ ಪದ್ಧತಿಯನ್ನು ಬಿಟ್ಟರು. ತಪ್ಪಾಗಿ ಮಾಯ್ದ ಗಾಯವನ್ನು ಮೊದಲು ಬಿಡಿಸಿ, ಉಳಿದಿರುವ ಭಾಗಗಳನ್ನು ಅವು ಹುಟ್ಟಿನಿಂದ ಇದ್ದ ಸ್ಥಾನದಲ್ಲಿಯೇ ನಿಲ್ಲಿಸುತ್ತಿದ್ದರು. ಆಗ ಗಾಯವು ಮೊದಲಿಗಿಂತಲೂ ದೊಡ್ಡದಾಗಿ ಕಾಣುತ್ತಿತ್ತು; ಆದರೆ ನಿಜವಾಗಿ ಕಳೆದುಹೋದುದು ಎಷ್ಟೆಂಬುದು ಆಗಲೇ ತಿಳಿಯುತ್ತಿತ್ತು. ಅನಂತರ ಅದರ ಅಳತೆಗೆ ಮಾದರಿಯನ್ನು ಕತ್ತರಿಸಿ, ಅದಕ್ಕೆ ತಕ್ಕ ಚರ್ಮವನ್ನು ದೇಹದ ಬೇರೆಡೆಯಿಂದ ತರುತ್ತಿದ್ದರು. ಹೊರಗಿನ ಚರ್ಮಕ್ಕಿಂತ ಮೊದಲು ಒಳಗಿನ ಪದರವನ್ನೂ ಅದಕ್ಕೆ ಆಧಾರವಾದ ಮೂಳೆ ಅಥವಾ ಮೃದ್ವಸ್ಥಿಯನ್ನೂ ಸಿದ್ಧಗೊಳಿಸುತ್ತಿದ್ದರು. ಗೋಡೆಯಿಲ್ಲದೆ ಚಾವಣಿ ನಿಲ್ಲುವುದುಂಟೆ? ಹಾಗೆಯೇ ಒಳಪದರವಿಲ್ಲದ ಮೂಗು ಕೆಲವೇ ತಿಂಗಳಲ್ಲಿ ಕುಸಿಯುತ್ತದೆ. ಚರ್ಮವನ್ನು ಬಿಗಿಯಾಗಿ ಎಳೆಯಬಾರದು, ಸೂಕ್ಷ್ಮವಾದ ದಾರದಿಂದ ಹೊಲಿಯಬೇಕು, ಸಾಧ್ಯವಾದಲ್ಲೆಲ್ಲ ಹೊಲಿಗೆಯ ಗೆರೆಯು ಮುಖದ ಸಹಜ ಸುಕ್ಕುಗಳಲ್ಲಿ ಅಡಗುವಂತಿರಬೇಕು ಎಂಬ ಎಚ್ಚರವನ್ನು ಅವರು ಎಂದೂ ಬಿಡಲಿಲ್ಲ. ಗಾಯವನ್ನು ಮಾಯಿಸಿದರೆ ಸಾಲದು, ಕಲೆಯೂ ಕಣ್ಣಿಗೆ ಬೀಳದಂತಿರಬೇಕು ಎಂಬುದು ಅವರ ಗುರಿಯಾಗಿತ್ತು.

ಈ ವಿದ್ಯೆಯ ಬೇರುಗಳು ಭಾರತದಲ್ಲಿವೆ ಎಂಬುದು ನಮಗೆ ಹೆಮ್ಮೆಯ ಸಂಗತಿ. ಕೆನ್ನೆಯ ಚರ್ಮದಿಂದ ಮೂಗನ್ನು ರಚಿಸುವ ಕ್ರಮವನ್ನೂ, ಅದಕ್ಕಾಗಿ ಎಲೆಯೊಂದನ್ನು ಅಳತೆಗೆ ಕತ್ತರಿಸಿಕೊಳ್ಳುವುದನ್ನೂ ಸುಶ್ರುತ ಸಂಹಿತೆಯು ವಿವರಿಸುತ್ತದೆ. 1792ರ ಯುದ್ಧಕಾಲದಲ್ಲಿ ಇಂಗ್ಲಿಷರ ಸೇನೆಗೆ ಎತ್ತಿನ ಗಾಡಿ ಹೊಡೆಯುತ್ತಿದ್ದವನೊಬ್ಬನು ಟಿಪ್ಪು ಸುಲ್ತಾನನ ಸೇನೆಗೆ ಸೆರೆಸಿಕ್ಕಿ ಮೂಗನ್ನು ಕಳೆದುಕೊಂಡನು. ಮುಂದೆ ಪುಣೆಯ ಸ್ಥಳೀಯ ಕುಶಲಿಯೊಬ್ಬನು ಹಣೆಯ ಚರ್ಮವನ್ನು ಕೆಳಕ್ಕೆ ತಿರುಗಿಸಿ ಅವನಿಗೆ ಹೊಸ ಮೂಗನ್ನು ಮಾಡಿಕೊಟ್ಟನು. ಈ ವೃತ್ತಾಂತವು 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಚಿತ್ರಸಹಿತವಾಗಿ ಪ್ರಕಟವಾಯಿತು. ಅದರಿಂದ ಪ್ರೇರಿತರಾದ ಜೋಸೆಫ್ ಕಾರ್ಪ್ಯೂ ಎಂಬ ವೈದ್ಯರು 1814ರಲ್ಲಿ ಲಂಡನ್ನಿನಲ್ಲಿ ಅದೇ ರೀತಿಯ ಚಿಕಿತ್ಸೆಯನ್ನು ಮಾಡಿದರು. ಹಣೆಯ ಚರ್ಮದಿಂದ ಮೂಗನ್ನು ಕಟ್ಟುವ ಈ ಕ್ರಮವು ಭಾರತೀಯ ಪದ್ಧತಿಯೆಂದೇ ಯೂರೋಪಿನಲ್ಲಿ ಹೆಸರಾಯಿತು. ನೂರು ವರ್ಷಗಳ ತರುವಾಯ ಗಿಲೀಸರು ಸೈನಿಕರಿಗೆ ಮೂಗನ್ನು ಕಟ್ಟುವಾಗ ಈ ಪದ್ಧತಿಯನ್ನೂ ಬಳಸಿದರು.

ಗಾಯಾಳುಗಳ ಸಂಖ್ಯೆ ಬೆಳೆದಂತೆ ಆಲ್ಡರ್‌ಷಾಟ್‌ನಲ್ಲಿ ಸ್ಥಳ ಸಾಲದಾಯಿತು. ಆದ್ದರಿಂದ 1917ರಲ್ಲಿ ಸಿಡ್‌ಕಪ್ ಎಂಬ ಊರಿನಲ್ಲಿ ಮುಖದ ಗಾಯಗಳಿಗೆಂದೇ ಕ್ವೀನ್ಸ್ ಆಸ್ಪತ್ರೆಯು ತೆರೆಯಿತು. ಕಾಲಕ್ರಮದಲ್ಲಿ ಅದು 1,000ಕ್ಕೂ ಹೆಚ್ಚು ಹಾಸಿಗೆಗಳ ದೊಡ್ಡ ಕೇಂದ್ರವಾಯಿತು. ಕೆನಡಾ, ಆಸ್ಟ್ರೇಲಿಯ, ನ್ಯೂಜಿಲೆಂಡ್ ದೇಶಗಳ ವೈದ್ಯರೂ ಅಲ್ಲಿ ದುಡಿದರು. ಮುಖದ ಮರುರಚನೆ ಒಬ್ಬರಿಂದ ಆಗುವ ಕೆಲಸವಲ್ಲವೆಂಬುದನ್ನು ಗಿಲೀಸರು ಚೆನ್ನಾಗಿ ಅರಿತಿದ್ದರು. ದಂತವೈದ್ಯ ಕೆಲ್ಸಿ ಫ್ರೈ ಅವರು ದವಡೆಯ ಮೂಳೆಗಳನ್ನು ಹೊಂದಿಸುತ್ತಿದ್ದರು. ಶಸ್ತ್ರವೈದ್ಯರೂ ಚಿತ್ರಕಲೆಯ ಅಧ್ಯಾಪಕರೂ ಆಗಿದ್ದ ಹೆನ್ರಿ ಟಾಂಕ್ಸ್ ಅವರು ಹಲವು ಗಾಯಾಳುಗಳ ಮುಖಗಳನ್ನು ಬಣ್ಣದ ಕಡ್ಡಿಗಳಿಂದ ಚಿತ್ರಿಸುತ್ತಿದ್ದರು. ಆ ಕಾಲದಲ್ಲಿ ಅರಿವಳಿಕೆಯನ್ನು ಮುಖವಾಡದ ಮೂಲಕ ಕೊಡುತ್ತಿದ್ದುದರಿಂದ ಮುಖದ ಮೇಲೆ ಕೆಲಸ ಮಾಡುವುದೇ ದುಸ್ತರವಾಗಿತ್ತು. ಯುದ್ಧಾನಂತರ ಸಿಡ್‌ಕಪ್ಪಿಗೆ ಬಂದ ಮ್ಯಾಗಿಲ್ ಮತ್ತು ರೋಬಾತಮ್ ಎಂಬ ವೈದ್ಯರು ಶ್ವಾಸನಾಳದೊಳಗೆ ಕೊಳವೆಯನ್ನು ಇಳಿಸಿ ಅರಿವಳಿಕೆ ನೀಡುವ ವಿಧಾನವನ್ನು ಬೆಳೆಸಿ ಈ ತೊಡಕನ್ನು ನಿವಾರಿಸಿದರು. ಇಂದಿಗೂ ಜಗತ್ತಿನ ಎಲ್ಲೆಡೆ ಆ ವಿಧಾನವು ಬಳಕೆಯಲ್ಲಿದೆ.

ರೋಗಿಗಳ ಮನಸ್ಸಿನ ನೋವು ದೇಹದ ನೋವಿಗಿಂತ ಕಡಿಮೆಯದಾಗಿರಲಿಲ್ಲ. ಆಸ್ಪತ್ರೆಯ ಕೊಠಡಿಗಳಲ್ಲಿ ಕನ್ನಡಿಗಳನ್ನು ನಿಷೇಧಿಸಲಾಗಿತ್ತು. ಊರಿಗೆ ಹೋಗುವ ದಾರಿಯಲ್ಲಿ ಕೆಲವು ಬೆಂಚುಗಳಿಗೆ ನೀಲಿ ಬಣ್ಣವನ್ನು ಬಳಿದಿದ್ದರು. ಅಲ್ಲಿ ಕುಳಿತವರು ಮುಖಕ್ಕೆ ಗಾಯವಾದವರೆಂದು ದಾರಿಹೋಕರಿಗೆ ಮುಂಚಿತವಾಗಿಯೇ ತಿಳಿಯಲೆಂಬುದು ಅದರ ಉದ್ದೇಶ. ಆ ಬೆಂಚಿನ ಮೇಲೆ ಕುಳಿತವರ ಮನಸ್ಸು ಎಷ್ಟು ನೊಂದಿರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ. ಗಿಲೀಸರು ಅವರೊಡನೆ ತಮಾಷೆಯಾಗಿ ಮಾತನಾಡುತ್ತಿದ್ದರು. ಅವರ ಆಟಪಾಟಗಳಲ್ಲಿ ಕೂಡಿಕೊಳ್ಳುತ್ತಿದ್ದರು. ಗುಣವಾಗುತ್ತಿದ್ದವರಿಗೆ ಕಸುಬುಗಳನ್ನು ಕಲಿಸುವ ಏರ್ಪಾಡೂ ಅಲ್ಲಿತ್ತು.

1917ರ ಅಕ್ಟೋಬರ್ ತಿಂಗಳಲ್ಲಿ ಗಿಲೀಸರ ಬಾಳಿನ ಮಹತ್ವದ ಶೋಧವು ನಡೆಯಿತು. ಹಿಂದಿನ ವರ್ಷ ಜಟ್‌ಲೆಂಡ್ ನೌಕಾಯುದ್ಧದಲ್ಲಿ ಮುಖವೆಲ್ಲ ಸುಟ್ಟುಹೋಗಿದ್ದ ನಾವಿಕನೊಬ್ಬನು ಅಂದು ಅವರ ಮುಂದೆ ಮಲಗಿದ್ದನು. ಅವನ ಎದೆಯ ಚರ್ಮವನ್ನು ಮುಖಕ್ಕೆ ತರಬೇಕಾಗಿತ್ತು. ಚರ್ಮವನ್ನು ಪೂರ್ಣವಾಗಿ ಕತ್ತರಿಸಿ ತೆಗೆದರೆ ರಕ್ತಸಂಚಾರವಿಲ್ಲದೆ ಅದು ಸಾಯಬಹುದು. ಒಂದು ತುದಿಯನ್ನು ದೇಹಕ್ಕೆ ಅಂಟಿಕೊಂಡಂತೆಯೇ ಬಿಟ್ಟರೆ, ಅದರ ಒಳಮೈ ತೆರೆದಿರುವುದರಿಂದ ಕೀವು ತುಂಬಬಹುದು. ಕೀವನ್ನು ತಡೆಯುವ ಪೆನಿಸಿಲಿನ್‌ನಂತಹ ಔಷಧಿಗಳು ಆಗ ಇನ್ನೂ ಇರಲಿಲ್ಲ. ಚರ್ಮದ ಪಟ್ಟಿಯನ್ನು ಮೇಲೆತ್ತಿದಾಗ ಅದರ ಅಂಚುಗಳು ತಾವಾಗಿಯೇ ಒಳಕ್ಕೆ ಸುರುಳಿಗೊಳ್ಳುವುದನ್ನು ಗಿಲೀಸರು ಗಮನಿಸಿದರು. ಆ ಅಂಚುಗಳನ್ನು ಒಂದಕ್ಕೊಂದು ಹೊಲಿದರೆ ಪಟ್ಟಿಯು ಕೊಳವೆಯಾಗುತ್ತದೆ, ಒಳಮೈ ಪೂರ್ತಿಯಾಗಿ ಮುಚ್ಚಿಹೋಗುತ್ತದೆ, ರಕ್ತಸಂಚಾರವೂ ಕೆಡುವುದಿಲ್ಲ. ಅವರು ಆಗಲೇ ಹಾಗೆ ಮಾಡಿದರು. ಆ ಕೊಳವೆ ಬದುಕಿತು.

ಈ ಚರ್ಮದ ಕೊಳವೆಯಿಂದ ಮುಖದ ಶಸ್ತ್ರಚಿಕಿತ್ಸೆಗೆ ಹೊಸ ದಾರಿ ತೆರೆಯಿತು. ಹೊಟ್ಟೆಯ ಚರ್ಮವನ್ನು ಮೊದಲು ಮಣಿಕಟ್ಟಿಗೆ ಸೇರಿಸಿ, ಅದು ಅಲ್ಲಿ ಕಚ್ಚಿಕೊಂಡ ಮೇಲೆ ಹೊಟ್ಟೆಯಿಂದ ಬಿಡಿಸಿ, ಕೈಯನ್ನು ಮುಖದ ಬಳಿಗೆ ತಂದು ಕಟ್ಟಿ, ವಾರಗಳ ಅನಂತರ ಮುಖಕ್ಕೆ ವರ್ಗಾಯಿಸಲು ಸಾಧ್ಯವಾಯಿತು. ಇದೇ ಉಪಾಯವನ್ನು ಒಡೆಸ್ಸಾ ನಗರದ ಫಿಲಾಟೋವ್ ಎಂಬ ವೈದ್ಯರು ಗಿಲೀಸರಿಗಿಂತ ಸ್ವಲ್ಪ ಮೊದಲೇ ಕಂಡುಕೊಂಡಿದ್ದರು. ಆದರೆ ಯುದ್ಧದ ಗದ್ದಲದಲ್ಲಿ ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿದಿರಲಿಲ್ಲ. ಅದನ್ನು ಸಾವಿರಾರು ರೋಗಿಗಳ ಮೇಲೆ ಪ್ರಯೋಗಿಸಿ ಶಾಸ್ತ್ರದ ರೂಪಕ್ಕೆ ತಂದ ಕೀರ್ತಿ ಗಿಲೀಸರಿಗೆ ಸಲ್ಲುತ್ತದೆ.

ಯಶಸ್ಸು ಮಾತ್ರವಲ್ಲ, ಸೋಲೂ ಅವರಿಗೆ ಗುರುವಾಯಿತು. ವಿಮಾನದ ಅಪಘಾತದಲ್ಲಿ ಮುಖ ಪೂರ್ತಿ ಬೆಂದುಹೋಗಿದ್ದ ತರುಣ ಅಧಿಕಾರಿಯೊಬ್ಬನು ಸಿಡ್‌ಕಪ್ಪಿಗೆ ಬಂದಿದ್ದನು. ಅವನು ಬಹುಕಾಲದ ನೋವಿನಿಂದ ಬಹಳ ಬಳಲಿದ್ದನು. 1918ರ ಫೆಬ್ರವರಿಯಲ್ಲಿ ಗಿಲೀಸರು ಅವನ ಎದೆಯಿಂದ ಇಡೀ ಮುಖದ ಅಳತೆಯ ಚರ್ಮವನ್ನು ಎತ್ತಿ ಒಂದೇ ಬಾರಿಗೆ ಮುಖಕ್ಕೆ ಹೊದಿಸಿದರು. ಕೆಲವೇ ದಿನಗಳಲ್ಲಿ ಆ ಚರ್ಮವು ಕೊಳೆಯಲಾರಂಭಿಸಿತು. ತಿಂಗಳು ಕಳೆಯುವುದರೊಳಗೆ ತರುಣನು ಅಸುನೀಗಿದನು. ಗಿಲೀಸರು ಈ ಪ್ರಸಂಗವನ್ನು ಮರೆಮಾಚಲಿಲ್ಲ. ಕೆಲಸವನ್ನು ಸಣ್ಣ ಸಣ್ಣ ಹಂತಗಳಲ್ಲಿ ಮಾಡಬೇಕಾಗಿತ್ತೆಂಬುದನ್ನು 1920ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಒಪ್ಪಿಕೊಂಡರು. ಅಂದಿನಿಂದ ತಾಳ್ಮೆಯು ಅವರ ಚಿಕಿತ್ಸೆಯ ಮೊದಲ ಸೂತ್ರವಾಯಿತು. ರೋಗಿಯ ದೇಹಬಲ ಕೂಡಿಬರುವವರೆಗೆ ಕಾಯುವುದು, ಒಂದು ಹಂತ ಪೂರ್ತಿ ಮಾಯ್ದ ಹೊರತು ಮುಂದಿನದಕ್ಕೆ ಕೈಹಾಕದಿರುವುದು, ಇಂದೇ ಮಾಡಬೇಕಾದ ಅಗತ್ಯವಿಲ್ಲದ್ದನ್ನು ನಾಳೆಗೆ ಬಿಡುವುದು ಎಂಬುದನ್ನು ಅವರು ಶಿಷ್ಯರಿಗೆ ಮತ್ತೆ ಮತ್ತೆ ಬೋಧಿಸಿದರು. ಒಂದು ಮುಖವನ್ನು ಸರಿಪಡಿಸಲು ಹತ್ತಾರು ಶಸ್ತ್ರಕ್ರಿಯೆಗಳೂ ಹಲವು ವರ್ಷಗಳೂ ಬೇಕಾಗುತ್ತಿದ್ದುದು ಇದೇ ಕಾರಣದಿಂದ.

ಸಿಡ್‌ಕಪ್ಪಿನಲ್ಲಿ 5,000ಕ್ಕೂ ಹೆಚ್ಚು ಯೋಧರಿಗೆ 11,000ಕ್ಕೂ ಹೆಚ್ಚು ಶಸ್ತ್ರಕ್ರಿಯೆಗಳು ನಡೆದವು. ಎಲ್ಲರ ಮುಖಗಳೂ ಮೊದಲಿನಂತಾದವೆಂದು ಹೇಳಲಾಗದು. ಚಿಕಿತ್ಸೆಯಿಂದ ಸರಿಪಡಿಸಲಾಗದ ಗಾಯಗಳನ್ನು ಮರೆಮಾಡಲು ಲಂಡನ್ನಿನಲ್ಲಿ ಶಿಲ್ಪಿಗಳು ತೆಳುಲೋಹದ ಮುಖವಾಡಗಳನ್ನು ಮಾಡಿಕೊಡುತ್ತಿದ್ದರು. ಆದರೆ ಮುಖವಾಡವು ನಗದು, ಅಳದು, ಮುಪ್ಪಾಗದು. ಗಿಲೀಸರು ಕಟ್ಟಿಕೊಟ್ಟ ಮುಖದಲ್ಲಿ ಕಲೆಗಳಿದ್ದರೂ ಅದು ಆ ಮನುಷ್ಯನದೇ ರಕ್ತಮಾಂಸಗಳ ಮುಖವಾಗಿತ್ತು.

ಯುದ್ಧ ಮುಗಿದ ಮೇಲೆ ಈ ವಿದ್ಯೆಯ ಅಗತ್ಯವೇ ಇಲ್ಲವೆಂದು ಹಲವರು ಭಾವಿಸಿದರು. ಗಿಲೀಸರು ಹಿಂದಿನ ವೃತ್ತಿಗೆ ಮರಳಿದ್ದರೆ ಸುಖವಾಗಿ ಬಾಳಬಹುದಾಗಿತ್ತು. ಆದರೆ ಅವರು ಪ್ಲಾಸ್ಟಿಕ್ ಶಸ್ತ್ರಚಿಕಿತ್ಸೆಯನ್ನೇ ತಮ್ಮ ವೃತ್ತಿಯನ್ನಾಗಿ ಮಾಡಿಕೊಂಡರು. ಕಾರ್ಖಾನೆ ಹಾಗೂ ರಸ್ತೆಗಳಲ್ಲಿ ಗಾಯಗೊಂಡವರಿಗೂ, ಬೆಂಕಿಯಿಂದ ಸುಟ್ಟವರಿಗೂ, ಸೀಳುತುಟಿಯೊಡನೆ ಹುಟ್ಟಿದ ಮಕ್ಕಳಿಗೂ ಈ ವಿದ್ಯೆ ಬೇಕೆಂಬುದನ್ನು ಅವರು ತೋರಿಸಿಕೊಟ್ಟರು. 1930ರಲ್ಲಿ ಸರ್ಕಾರವು ಅವರಿಗೆ ಸರ್ ಪದವಿಯನ್ನು ನೀಡಿತು. ನ್ಯೂಜಿಲೆಂಡಿನಲ್ಲಿಯೇ ಹುಟ್ಟಿದ, ಅವರ ಬಂಧುವಾದ ಆರ್ಚಿಬಾಲ್ಡ್ ಮ್ಯಾಕಿಂಡೋ ಅವರು ಅವರ ಬಳಿ ಈ ವಿದ್ಯೆಯನ್ನು ಕಲಿತರು. ಎರಡನೆಯ ಮಹಾಯುದ್ಧದಲ್ಲಿ ಬೆಂಕಿಗೆ ಸಿಕ್ಕ ವೈಮಾನಿಕರನ್ನು ಈಸ್ಟ್ ಗ್ರಿನ್‌ಸ್ಟೆಡ್ ಆಸ್ಪತ್ರೆಯಲ್ಲಿ ಉಪಚರಿಸಿ ಮ್ಯಾಕಿಂಡೋ ಪ್ರಖ್ಯಾತರಾದರು. ಗಿಲೀಸರು ಬೇಸಿಂಗ್‌ಸ್ಟೋಕ್ ಬಳಿಯ ರೂಕ್ಸ್‌ಡೌನ್ ಹೌಸ್‌ನಲ್ಲಿ ತಮ್ಮ ಕೇಂದ್ರವನ್ನು ನಡೆಸಿದರು. 1946ರಲ್ಲಿ ಬ್ರಿಟನ್ನಿನ ಪ್ಲಾಸ್ಟಿಕ್ ಶಸ್ತ್ರವೈದ್ಯರ ಸಂಘವು ಸ್ಥಾಪನೆಯಾದಾಗ ಅವರೇ ಅದರ ಮೊದಲ ಅಧ್ಯಕ್ಷರಾದರು.

ಗಿಲೀಸರು ಕೊನೆಯವರೆಗೂ ಕತ್ತರಿ, ಸೂಜಿಗಳನ್ನು ಕೆಳಗಿಡಲಿಲ್ಲ. 1960ರ ಆಗಸ್ಟ್‌ನಲ್ಲಿ 18 ವರ್ಷದ ಹುಡುಗಿಯೊಬ್ಬಳ ಗಾಯಗೊಂಡ ಕಾಲಿಗೆ ಶಸ್ತ್ರಕ್ರಿಯೆ ಮಾಡುತ್ತಿದ್ದಾಗಲೇ ಅವರ ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿತು. ಆಗ ಅವರಿಗೆ 78 ವರ್ಷ. ಅದೇ ವರ್ಷ ಸೆಪ್ಟೆಂಬರ್ 10ರಂದು ಅವರು ಕಾಲವಶರಾದರು.

ವೈದ್ಯಶಾಸ್ತ್ರವು ಅವರ ಕಾಲದಿಂದ ಬಹಳ ಮುಂದೆ ಸಾಗಿದೆ. ಸೂಕ್ಷ್ಮದರ್ಶಕದ ನೆರವಿನಿಂದ ಕೂದಲೆಳೆಯಂತಹ ರಕ್ತನಾಳಗಳನ್ನು ಜೋಡಿಸುವ ವಿದ್ಯೆ ಬಂದ ಮೇಲೆ ಚರ್ಮದ ಕೊಳವೆಯ ಬಳಕೆ ಬಹುಮಟ್ಟಿಗೆ ನಿಂತುಹೋಯಿತು. 2005ರಲ್ಲಿ ಫ್ರಾನ್ಸಿನ ವೈದ್ಯರು ಮೃತದಾನಿಯ ಮುಖದ ಒಂದು ಭಾಗವನ್ನೇ ಮಹಿಳೆಯೊಬ್ಬರಿಗೆ ಕಸಿಮಾಡಿದರು. ಉಪಕರಣಗಳು ಬದಲಾದವು, ವಿಧಾನಗಳು ಬದಲಾದವು. ಆದರೆ ಗಾಯವನ್ನು ಅವಸರದಲ್ಲಿ ಎಳೆದು ಮುಚ್ಚಬಾರದು, ಇರುವುದನ್ನು ಅದರ ಸ್ಥಾನದಲ್ಲಿರಿಸಿ ಇಲ್ಲದ್ದನ್ನು ತಾಳ್ಮೆಯಿಂದ ಕಟ್ಟಬೇಕು ಎಂದು ಗಿಲೀಸರು ಕಲಿಸಿದ ಪಾಠವು ಇಂದಿಗೂ ಶಸ್ತ್ರವೈದ್ಯರಿಗೆ ದಾರಿದೀಪವಾಗಿದೆ. ಜೀವವನ್ನು ಉಳಿಸುವುದರೊಂದಿಗೆ ವೈದ್ಯನ ಕರ್ತವ್ಯ ಮುಗಿಯುವುದಿಲ್ಲ. ಉಳಿದ ಜೀವವು ತಲೆಯೆತ್ತಿ ಜನರ ನಡುವೆ ನಡೆಯುವಂತೆ ಮಾಡುವುದೂ ಆ ಕರ್ತವ್ಯದ ಭಾಗವೇ ಎಂಬುದನ್ನು ಅವರ ಬಾಳು ತೋರಿಸಿಕೊಟ್ಟಿತು.